ಎರಡನೇ ಕೈ

ಶಟರ್ ಅರ್ಧ ಇಳಸು, ತಮ್ಮಾ.
ಬ್ಯಾಡ, ಪೂರಾ ತೆಗಿ.
ಅರ್ಧ ಇಳಿಸಿದ ಶಟರಿನ ಹಿಂದ
ನಾ ಒಮ್ಮಿ ಮಾಡಿದ್ದು ಸಾಕು.

ಉದ್ಯಮಬಾಗದಾಗ ಇವತ್ತು ಐತವಾರ,
ಫೌಂಡ್ರಿ ಎಲ್ಲಾ ಬಾಯಿ ಮುಚ್ಯಾವು,
ಚಾದ ಗಾಡಿ ಒಂದ ಐತಿ. ಎರಡು ಹೇಳೇನಿ, ಕೂಡು.

ಗೋಣಿಚೀಲ ಬಿಚ್ಚಬ್ಯಾಡ. ಹೊರಗಿಂದ ತಿಳೀತೈತಿ:
ಒಂದು ಛರ್ರೆ ಬಂದೂಕು, ಒಂದು ತುಂಡು ಪೈಪು,
ಮೊಬೈಲಿನಾಗ ಯಾರೋ ಕಳಿಸಿದ ಚಿತ್ರ.
ಮತ್ತ ನಿನ್ನ ಬಾಯಾಗ
ನಮ್ಮ ಭಾವ ಅಡಿವೆಪ್ಪನ ಮಾತು, ಒಂದಕ್ಷರ ಬದಲಿಲ್ಲ:
"ಹಂದಿ ಕಬ್ಬು ಮುರದು ಮಲಗಾಕ ಹತ್ಯಾವು ಮೇಸ್ತ್ರಿ.
ಸೆಕೆಂಡ್ ಹ್ಯಾಂಡ್ ರೈಫಲ್ಲಿಗೇ ಎಂಬತ್ತು ಸಾವಿರ,
ಲೈಸನ್ಸಿಗೆ ಡಿಸಿ ಆಫೀಸಿನ ಮೆಟ್ಟಲಾ ಎಷ್ಟ ಸವಸಲಿ?
ನಿಮ್ಮ ಕಡೆ ಲೇಥ್ ಐತಿ. ಕೈ ಐತಿ."

ಕೈ ಇತ್ತು.

ನೋಡು. ಹೆಬ್ಬೆರಳು. ಕಿರಿಬೆರಳು.
ನಡುವಿನ ಮೂರು ಹಿರೇಬಾಗೇವಾಡಿ ಹೊಲದಾಗ ಬಿದ್ದು
ನಮ್ಮಕ್ಕ ಶಿವಗಂಗವ್ವ ಬ್ಯಾಟರಿ ಹಿಡಕೊಂಡು
ರವದಿಯೊಳಗ ಹುಡಿಕಿದಳು, ಎರಡು ಸಿಕ್ಕವು.
ಆಮ್ಯಾಲ ಬ್ಯಾಟರಿ ಗಂಡನ ಮಾರಿಗೆ ತಿರಗಿಸಿದಳು,
ಬೆರಳು ಮರತಳು.
ಗುಂಡು ಮುಂದ ಹೋಗಲೇ ಇಲ್ಲ.
ಹಂದಿ ಒಂದ ಗಳಿಗಿ ನಿಂತು ನೋಡಿತು,
ಮತ್ತ ಮೇಯಾಕ ಹತ್ತಿತು.

ಎತ್ತು ಕೊಳ್ಳೋವಾಗ ಹಲ್ಲು ಎಣಸತೀವಿ, ಸುಳಿ ನೋಡತೀವಿ.
ಹೆಣ್ಣು ತರೋವಾಗ ಮನಿತನ ಕೇಳತೀವಿ.
ಆ ಪೈಪಿಗೆ ನಾ ಏನೂ ಕೇಳಲಿಲ್ಲ.
ನೀರು ಹೊರಾಕ ಹುಟ್ಟಿದ್ದಕ್ಕ ಬೆಂಕಿ ಹೊರು ಅಂದೆ.
ಹೊರತೀನಿ ಅಂತ ಅದೇನು ಹೇಳಿದ್ದಿಲ್ಲ.
ಕೆಲಸ ಮಾತ್ರ ಚಂದ ಆಗಿತ್ತು, ಇವತ್ತಿಗೂ ಹೇಳತೀನಿ,
ಮಾರಿ ಕಾಣುವಂಗ ಹೊಳಪು, ಎಳಿಯಷ್ಟೂ ಫರಕಿಲ್ಲ.
ನಾಕು ವರ್ಷ ಕೇಸು ನಡೀತು.
ಕೋರ್ಟಿನ ಟೇಬಲ್ಲಿನ ಮ್ಯಾಲ, ಚೀಟಿ ಕಟಗೊಂಡು,
ಹೊಟ್ಟಿ ಸೀಳಿದ ಮೀನಿನಂಗ
ಮಲಗಿತ್ತು ನನ್ನ ಕೂಸು.

ಕೇಸು ಮುಗದ ಮ್ಯಾಲ, ಯಾಕೋ ಏನೋ,
ಕ್ಯಾಂಪಿನಾಗ ಬಾದಶಾ ಮುಲ್ಲಾನ ಅಂಗಡಿಗೆ ಹೋದೆ.
ಸರಪಳಿ ಹಾಕಿ ನಿಲ್ಲಿಸಿದ ಹಳೇ ರೈಫಲ್ಲು,
ಪಿಂಚಣಿ ಆದ ಯಾವನೋ ಸುಬೇದಾರಂದು.
ಕಬ್ಬಿಣಕ್ಕ ನಂಬರು, ಪರೀಕ್ಷಾ ಆದ ಮುದ್ರಿ,
ಕಟಗೀ ಮ್ಯಾಲ ಗಲ್ಲ ಉಜ್ಜಿ ಉಜ್ಜಿ ಬಿದ್ದ ಹೊಳಪು.
"ಹಳೇದಂತ ಮಂದಿ ಮೂಗು ಮುರೀತಾರ ಮೇಸ್ತ್ರಿ,"
ಮುಲ್ಲಾ ಅಂದ, "ಮೂವತ್ತು ವರ್ಷ ಇಲ್ಲಿ ಒರಗಿದ ಗಲ್ಲ
ಇನ್ನೂ ಸುಬೇದಾರನ ಮಾರಿ ಮ್ಯಾಲೇ ಐತಿ."
ಬಾಜೂಕಿಂದು ಕೇಳಿದೆ. ತೆಗದು, ಬಲ್ಬಿಗೆ ಹಿಡದು ಒಳಗ ನೋಡಿದ.
"ಸವದೈತಿ. ಇದನ್ನ ಮಾರಾಂಗಿಲ್ಲ," ಅಂತ ಒಳಗ ಇಟ್ಟ.
ಇಟ್ಟ, ನೋಡು. ಯಾವ ಮೊಬೈಲು ಒಳಗ ಇಟ್ಟೀತು?

ಅಲ್ಲಿಗೆ ಹೋಗು. ಅರ್ಜಿ ಬರಿ. ಅರಣ್ಯದವರನ್ನ ಕೇಳು.
ಪೊಲೀಸ್ರು ಮನಿಗೆ ಬಂದು ನೂರು ಮಾತು ಕೇಳಲಿ.
ಇಲ್ಲ ಅಂದ್ರ ಇಲ್ಲ.
ಅಲ್ಲೀತನಕ ಡಬ್ಬಿ ಬಾರಸು,
ಎರಡು ಗುಂಟೆ ತಿಂದ್ರ ತಿನ್ನಲಿ ಹಂದಿ,
ಅಡಿವೆಪ್ಪ ಈಗ ಅದನ್ನ ಅರ್ಧ ಅಷ್ಟ ನೋಡತಾನ.

ನಗಬ್ಯಾಡ. ಅಂವನೇ ಮಾಡೋ ಚ್ಯಾಷ್ಟಿ ಅದು.

ಇನ್ನೊಂದು. ಚೀಲ ಬಿಚ್ಚಬ್ಯಾಡ ಅಂದದ್ದು
ನಿನ್ನ ಸಲುವಾಗಿ ಅಲ್ಲ.
ಅರ್ಧ ತಾಸಿನ ಕೆಲಸ ಅದು, ಮಷೀನು ಬೆಚ್ಚಗೈತಿ,
ಇಲ್ಲದ ಮೂರು ಬೆರಳು, ನೀ ಬಂದಾಗಿಂದ,
ಸ್ವಿಚ್ಚಿನ ಕಡೆ ಹರದಾಡಾಕ ಹತ್ಯಾವು.

ಚಾ ಬಂತು. ನನ್ನದು ಈ ಕಡೆ ಕೊಡು,
ಎಡಗೈಗೆ.
ಮತ್ತ ಕುಡದಾದ ಕೂಡಲೇ
ಅದನ್ನ ತೊಗೊಂಡು ಹೋಗು.